ಎಣ್ಣೆ ಕುಡಿದ ಬೂಟುಗಳು

೧೯೭೯ರಲ್ಲಿ ನಾನು ಮಣಿಪಾಲದ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಮಾರ್ಕರ್ ಆಗಿದ್ದೆ. ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವುದು, ಚೆಂಡಿಗೆ ಗಾಳಿ ತುಂಬುವುದು, ಗೋಲಿನ ಬಲೆ ಕಟ್ಟುವುದು, ಆಟದ ಸಾಮಾನುಗಳನ್ನು ಜೋಪಾನ ಮಾಡುವುದು ಮಾರ್ಕರನ ಕೆಲಸ. ಬೆಳ್ಮಣ್‌ನ ನಮ್ಮ ಮನೆಯಲ್ಲಿ ಪಿಯುಸಿ ಮುಗಿಸಿದವನು ನಾನೊಬ್ಬನೇ. ಅದರ ಮೇಲೆ ದೈಹಿಕ ಶಿಕ್ಷಣದ ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸನ್ನೂ ಮಾಡಿದ್ದೆ. ನನಗೆ ಮೇಲಿನವರು ಫುಟ್‌ಬಾಲ್ ಕೋಚ್ ಲಿಯೊ ಮಾಸ್ಟ್ರು. ಅವರು ತೀರಿಕೊಂಡದ್ದು ೧೯೮೮ರಲ್ಲಿ. ಇದನ್ನು ಅವರು ಬದುಕಿದ್ದಾಗಲೇ ಬರೆಯಬೇಕಿತ್ತು.

ಲಿಯೊ ಮಾಸ್ಟ್ರು ಕಲ್ಯಾಣಪುರದವರು. ಸೈನ್ಯದಲ್ಲಿದ್ದಾಗ ತಮ್ಮ ರೆಜಿಮೆಂಟಿನ ತಂಡಕ್ಕೆ ಆಡುತ್ತಿದ್ದರು. ಮೊಣಕಾಲು ಕೆಟ್ಟ ಮೇಲೆ ಊರಿಗೆ ಬಂದರು. ಅವರ ಕೈಯಲ್ಲಿ ಯಾವ ಸರ್ಟಿಫಿಕೇಟೂ ಇರಲಿಲ್ಲ. ಆದ್ದರಿಂದ ಕಾಲೇಜು ಅವರಿಗೆ ಪ್ರತಿ ವರ್ಷ ಜೂನ್‌ನಲ್ಲಿ ಒಂದು ತಾತ್ಕಾಲಿಕ ಆರ್ಡರ್ ಕೊಡುತ್ತಿತ್ತು. ಅದು ಮಾರ್ಚ್‌ಗೆ ಮುಗಿಯುತ್ತಿತ್ತು. ಹೀಗೆ ಎಂಟು ವರ್ಷ ಕಳೆದಿದ್ದವು. ಪ್ರತಿ ಏಪ್ರಿಲ್, ಮೇ ತಿಂಗಳಲ್ಲಿ ಅವರು ಯಾರ ನೌಕರರೂ ಆಗಿರುತ್ತಿರಲಿಲ್ಲ. ಆದರೂ ಬೆಳಿಗ್ಗೆ ಮೈದಾನಕ್ಕೆ ಬರುತ್ತಿದ್ದರು.

ತಂಡದಲ್ಲಿ ಕಾಪುವಿನ ಬ್ಯಾರಿ ಹುಡುಗರು, ಕೆಮ್ಮಣ್ಣಿನ ಕೊಂಕಣಿ ಹುಡುಗರು, ಉಡುಪಿ ಕಡೆಯ ತುಳು ಹುಡುಗರು ಇದ್ದರು. ಹಾಗಾಗಿ ಮೈದಾನದಲ್ಲಿ ಕನ್ನಡವೇ ನಡೆಯಬೇಕು ಎಂದು ಮಾಸ್ಟ್ರ ಕಟ್ಟಳೆ. ಮೊದಲ ತಿಂಗಳು ಅವರು ಹುಡುಗರಿಗೆ ಚೆಂಡನ್ನು ಮೈದಾನದಲ್ಲಿ ಕೊಡುತ್ತಲೇ ಇರಲಿಲ್ಲ. ಗದ್ದೆಯ ಕಟ್ಟಹುಣಿಯ ಮೇಲೆ, ಒಂದೂವರೆ ಅಡಿ ಅಗಲದ ಬದುವಿನಲ್ಲಿ, ಬರಿಗಾಲಿನಲ್ಲಿ ಚೆಂಡು ತೆಗೆದುಕೊಂಡು ಓಡಬೇಕಿತ್ತು. ಚೆಂಡು ಗದ್ದೆಗೆ ಬಿದ್ದರೆ ಗದ್ದೆಯ ಯಜಮಾನನ ಬೈಗುಳ ತಿನ್ನಬೇಕಾದದ್ದು ಚೆಂಡು ಬೀಳಿಸಿದವನೇ. "ರೆಫ್ರಿಯ ವಿಸಿಲಿಗಿಂತ ಅದು ಒಳ್ಳೆಯದು. ಬೇಗ ತಲೆಗೆ ಹೋಗ್ತದೆ" ಎನ್ನುತ್ತಿದ್ದರು. ಹೀಗೆ ಕಲಿತ ಹುಡುಗರಿಂದ ಚೆಂಡು ಕಿತ್ತುಕೊಳ್ಳುವುದು ಬೇರೆ ತಂಡಗಳಿಗೆ ಕಷ್ಟವಾಗುತ್ತಿತ್ತು.

ಆ ವರ್ಷ ನಾವು ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯ ಫೈನಲ್‌ಗೆ ಬಂದೆವು. ಅಲ್ಲಿ ಒಂದು ಪದ್ಧತಿ ಇತ್ತು. ಫೈನಲ್ ಗೆದ್ದ ಕಾಲೇಜಿನ ಕೋಚೇ ಆ ವರ್ಷದ ವಿಶ್ವವಿದ್ಯಾಲಯ ತಂಡಕ್ಕೂ ಕೋಚ್ ಆಗುತ್ತಿದ್ದರು. ಪ್ರಿನ್ಸಿಪಾಲರು ಮಾಸ್ಟ್ರನ್ನು ಕರೆದು ನನ್ನೆದುರೇ ಹೇಳಿದರು: "ಲಿಯೊ, ನೀವು ಯೂನಿವರ್ಸಿಟಿ ಕೋಚ್ ಆದರೆ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳುವವರ ಬಾಯಿ ಮುಚ್ಚಿಸಬಹುದು. ನಿಮ್ಮನ್ನು ಕಾಯಂ ಮಾಡಲು ನನಗೆ ಅದೊಂದು ಸಾಕು. ಸೋತರೆ ನನ್ನ ಕೈಯಲ್ಲಿ ಏನೂ ಇಲ್ಲ." ಮಾಸ್ಟ್ರಿಗೆ ಆಗ ನಲವತ್ತೇಳು ವರ್ಷ. ಹೊರಗೆ ಬಂದವರು, "ಎಂಟು ವರ್ಷದ ಮೇಲೆ ಒಂದು ಮ್ಯಾಚು ಉಳಿದದ್ದು, ಭೋಜ" ಎಂದರು. ನಕ್ಕರು. ನಾನೂ ನಕ್ಕೆ.

ಫೈನಲ್‌ಗೆ ಎರಡು ವಾರ ಇರುವಾಗ ಒಂದು ಸುತ್ತೋಲೆ ಬಂತು. ಫೈನಲ್‌ನಲ್ಲಿ ಎಲ್ಲರೂ ಸ್ಟಡ್ ಇರುವ ಬೂಟು ಹಾಕಿಯೇ ಆಡಬೇಕು. ಸ್ಟಡ್ ಎಂದರೆ ನೆಲ ಕಚ್ಚಿ ಹಿಡಿಯಲು ಬೂಟಿನ ಅಡಿಗೆ ಹೊಡೆದಿರುವ ಗುಬುಟುಗಳು. ಅಲ್ಲಿಯ ತನಕ ನಮ್ಮವರು ಬರಿಗಾಲಿನಲ್ಲೋ ಕ್ಯಾನ್ವಾಸ್ ಶೂ ಹಾಕಿಯೋ ಆಡುತ್ತಿದ್ದರು. ಕಾಲೇಜು ಮಂಗಳೂರಿನಿಂದ ಹದಿನಾರು ಜೊತೆ ಚರ್ಮದ ಬೂಟು ತರಿಸಿತು. ಅವು ಮುರಕಲ್ಲಿನಷ್ಟು ಗಟ್ಟಿ. ಮೊದಲ ದಿನವೇ ಅರ್ಧ ತಂಡದ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು.

ಅಷ್ಟರಲ್ಲಿ ವಿಶ್ವವಿದ್ಯಾಲಯದ ಕೋಚ್‌ಗಳ ಸಭೆಗೆಂದು ಮಾಸ್ಟ್ರು ನಾಲ್ಕು ದಿನ ಮೈಸೂರಿಗೆ ಹೋಗಬೇಕಾಯಿತು. ಹೊರಡುವಾಗ ನನಗೆ ಸ್ಪಷ್ಟವಾಗಿ ಹೇಳಿದರು. "ದಿನಾ ಎರಡು ಗಂಟೆ ಬೂಟು ಹಾಕಿ ನಡೆಸು. ಎರಡು ಜೊತೆ ಸಾಕ್ಸ್ ಹಾಕ್ಲಿ. ಎಣ್ಣೆ ಬೇಕಾದರೆ ಎರಡು ಬೆರಳಲ್ಲಿ, ಮೇಲಿನಿಂದ ಮಾತ್ರ. ಅವಸರ ಮಾಡಬೇಡ."

ಎರಡನೆಯ ದಿನ ನಮ್ಮ ಕ್ಯಾಪ್ಟನ್, ಕಾಪುವಿನ ಹಮೀದ್, ಬೂಟು ಬಿಚ್ಚಿ ನನ್ನ ಮುಂದೆ ಎಸೆದ. ಸಾಕ್ಸ್ ರಕ್ತವಾಗಿತ್ತು.

"ಭೋಜಣ್ಣ, ಇದು ಬೂಟಲ್ಲ, ಇಲಿ ಬೋನು. ನಿಮ್ಮ ಮಾಸ್ಟ್ರು ಬರುವಾಗ ನಮಗೆ ಕಾಲೇ ಇರುವುದಿಲ್ಲ."

"ಎರಡು ದಿನ ತಡ್ಕೋ ಮಾರಾಯ."

"ನೀವು ಹಾಕಿ ತಡ್ಕೊಳ್ಳಿ ನೋಡುವ. ನಿಮಗೆಂತ, ಸುಣ್ಣ ಚೆಲ್ಲುವುದು ತಾನೇ!"

ಹುಡುಗರೆಲ್ಲ ನಕ್ಕರು. ನನಗೆ ಅದು ನಾಟಿತು. ನಮ್ಮ ಮನೆಯಲ್ಲಿ ಕೋಣಗಳ ನೊಗದ ಚರ್ಮದ ಪಟ್ಟಿ ಗಟ್ಟಿಯಾದರೆ ಅಪ್ಪ ಅದನ್ನು ತೆಂಗಿನೆಣ್ಣೆಯಲ್ಲಿ ಮುಳುಗಿಸಿ ಇಡುತ್ತಿದ್ದರು. ಒಂದು ದಿನದಲ್ಲಿ ಅದು ಬಾಳೆ ಎಲೆಯಂತೆ ಬಾಗುತ್ತಿತ್ತು. ಚರ್ಮ ಎಂದರೆ ಚರ್ಮ ಎಂದುಕೊಂಡೆ. ಉಡುಪಿಯಿಂದ ಎರಡು ಡಬ್ಬ ಗಾಣದ ಎಣ್ಣೆ ತಂದು, ಹದಿನಾರು ಜೊತೆಯನ್ನೂ ಒಳಗೆ ಹೊರಗೆ ನೆನೆಸಿ ಒಂದು ಇಡೀ ದಿನ ಬಿಟ್ಟೆ.

ಮರುದಿನ ಬೂಟುಗಳು ಮೆತ್ತಗಾಗಿದ್ದವು. ಹಮೀದ್ ಹಾಕಿ ಓಡಿ ಬಂದು, "ಈಗ ನೀವು ಮಾಸ್ಟ್ರಿಗಿಂತ ಮೇಲೆ" ಎಂದ. ಆ ಮಾತು ನನಗೆ ಹಿತವಾಗಿತ್ತು ಎಂಬುದನ್ನೂ ಬರೆಯಬೇಕು.

ಪಂದ್ಯಕ್ಕೆ ಎರಡು ದಿನ ಇರುವಾಗ ಮಾಸ್ಟ್ರು ಬಂದರು. ಸಾಮಾನಿನ ಕೋಣೆಯ ಬಾಗಿಲಲ್ಲೇ ನಿಂತು ಮೂಸಿದರು.

"ಎಂತ ಮಾರಾಯ, ಬೂಟಿಗೆ ಒಗ್ಗರಣೆ ಹಾಕಿದ್ದಾ?"

ಒಂದು ಬೂಟು ಎತ್ತಿ ಅಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಅಡಿಯ ಅಂಚು ಬಾಯಿ ಬಿಟ್ಟಿತು. ನೊಗದ ಪಟ್ಟಿಗೆ ಅಂಟು ಇರುವುದಿಲ್ಲ, ಬೂಟಿನ ಅಡಿ ನಿಲ್ಲುವುದೇ ಅಂಟಿನ ಮೇಲೆ ಎಂಬುದು ನನಗೆ ಗೊತ್ತಾದದ್ದು ಆಗ. ಅವರು ಇನ್ನೊಂದು ಬೂಟು ನೋಡಿದರು, ಮತ್ತೊಂದು ನೋಡಿದರು. ಆಮೇಲೆ ನಗು ಇರಲಿಲ್ಲ.

"ನಾನು ಎಷ್ಟು ಬೆರಳು ಹೇಳಿದ್ದು?"

"ಎರಡು."

"ನೀನು ಎರಡೂ ಕೈ ಹಾಕಿದ್ದೀಯ."

ಮಂಗಳೂರಿನ ಅಂಗಡಿಯಲ್ಲಿ ಬೇರೆ ಬೂಟು ಇರಲಿಲ್ಲ. ಹತ್ತಿರದ ಕಾಲೇಜಿನವರು ಕೊಟ್ಟ ನಾಲ್ಕು ಜೊತೆ ಯಾರ ಕಾಲಿಗೂ ಸರಿಯಾಗಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ದಾಮು, "ಎಣ್ಣೆ ಕುಡಿದ ಚರ್ಮ ಅಂಟನ್ನು ಹಿಡಿಯುವುದಿಲ್ಲ ಮಾಸ್ಟ್ರೇ. ಹೊಲಿದರೆ ನೂಲು ನಿಲ್ಲಬೇಕು, ನಿಲ್ಲದಿದ್ದರೆ ಇಲ್ಲ" ಎಂದ. ಎರಡು ದಿನ ಕೂತು ಆರು ಜೊತೆ ಹೊಲಿದುಕೊಟ್ಟ.

ಫೈನಲ್ ನಮ್ಮದೇ ಮೈದಾನದಲ್ಲಿ. ಅರ್ಧ ಸಮಯದವರೆಗೆ ನಾವು ಒಂದು ಗೋಲು ಮುಂದಿದ್ದೆವು. ಹಮೀದ್ ಹೊಡೆದದ್ದು. ವಿರಾಮದಲ್ಲಿ ಹತ್ತು ನಿಮಿಷ ಮಳೆ ಬಂತು. ಕೆಂಪು ಮಣ್ಣು ಕೆಸರಾಗಿ ಬೂಟನ್ನು ಕೆಳಗಿನಿಂದ ಹಿಡಿದು ಎಳೆಯತೊಡಗಿತು. ಮೊದಲು ಲೆಫ್ಟ್ ಬ್ಯಾಕ್‌ನ ಬೂಟಿನ ಅಡಿ ಕಳಚಿತು. ನಂತರ ಒಬ್ಬೊಬ್ಬರದೇ. ಕೆಟ್ಟ ಬೂಟಿನ ಆಟಗಾರ ಹೊರಗೆ ಹೋಗಿ ಸರಿಮಾಡಿಕೊಂಡೇ ಬರಬೇಕು ಎಂದು ನಿಯಮ. ಬದಲಿ ಆಟಗಾರರು ಇಬ್ಬರಿಗೆ ಮಾತ್ರ ಅವಕಾಶ. ಮಾಸ್ಟ್ರು ಗೆರೆಯ ಪಕ್ಕ ಮಂಡಿಯೂರಿ, ಗೋಲಿನ ಬಲೆ ಕಟ್ಟುವ ಹುರಿಯಿಂದ ಬೂಟಿಗೆ ಅಡಿಯನ್ನು ಸುತ್ತಿ ಕಟ್ಟುತ್ತಿದ್ದರು. ರೆಫ್ರಿ ಒಂದನ್ನು ಒಪ್ಪಿದರು, ಮೂರನ್ನು ಒಪ್ಪಲಿಲ್ಲ. ಒಂದು ಹಂತದಲ್ಲಿ ನಮ್ಮ ಎಂಟು ಮಂದಿ ಮಾತ್ರ ಒಳಗಿದ್ದರು. ಎದುರಿನ ಕಾಲೇಜಿನ ಹುಡುಗರು ಕೂಗಿದರು: "ಬಜ್ಜಿ ಕಾಯಿಸಿ ಮಾಸ್ಟ್ರೇ, ಎಣ್ಣೆ ಉಂಟಲ್ಲ!"

ಮೂರು–ಒಂದು ಗೋಲುಗಳಿಂದ ಸೋತೆವು. ಮಾಸ್ಟ್ರು ಎದ್ದು, ಪ್ಯಾಂಟಿನ ಮಂಡಿಯ ಕೆಸರನ್ನು ಒರೆಸಿಕೊಳ್ಳದೆ ಎದುರು ಕೋಚಿನ ಕೈ ಕುಲುಕಿದರು. ನನ್ನ ಕಡೆ ನೋಡಲಿಲ್ಲ.

ಮೂರನೆಯ ದಿನ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಆಡಳಿತ ಮಂಡಳಿ ವಿವರ ಕೇಳಿದೆ, ಬೂಟಿನ ವಿಷಯ ಬರೆದುಕೊಡು ಎಂದರು. ನಾನು ಅಲ್ಲೇ ಕುಳಿತು ಬರೆದೆ: ಆಟದ ಸಾಮಾನುಗಳ ನಿರ್ವಹಣೆ ಕೋಚ್ ಅವರ ಸೂಚನೆಯಂತೆ ನಡೆಯುತ್ತದೆ, ಬೂಟುಗಳಿಗೆ ಎಣ್ಣೆ ಹಾಕಲು ಅವರು ಹೇಳಿದ್ದರು. ಸುಳ್ಳಲ್ಲ. ಎಣ್ಣೆ ಎಂಬ ಮಾತನ್ನು ಅವರೇ ಹೇಳಿದ್ದರು. ಎಷ್ಟು ಎಂಬುದನ್ನು ನಾನು ಬರೆಯಲಿಲ್ಲ.

ಪ್ರಿನ್ಸಿಪಾಲರು ಓದಿ ಕನ್ನಡಕ ತೆಗೆದರು. "ಹಾಗಾದರೆ ಇದು ಲಿಯೊ ಹೇಳಿ ಆದದ್ದು, ಅಲ್ವಾ?"

"ಹೌದು ಸಾರ್."

ನನ್ನ ಕೆಲಸವೂ ಆಗ ಕಾಯಂ ಆಗಿರಲಿಲ್ಲ. ಇದು ಕಾರಣವೇ ಹೊರತು ನೆಪವಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಎರಡೂ ಒಂದೇ ಎನಿಸುತ್ತದೆ.

ಮುಂದಿನ ಜೂನ್‌ನಲ್ಲಿ ಲಿಯೊ ಮಾಸ್ಟ್ರಿಗೆ ಆರ್ಡರ್ ಬರಲಿಲ್ಲ. ಸರ್ಟಿಫಿಕೇಟ್ ಇದೆ ಎಂದು ಕೋಚ್ ಹುದ್ದೆಗೆ ನನ್ನನ್ನು ತೆಗೆದುಕೊಂಡರು. ಮಾಸ್ಟ್ರು ಬಂದು ಸಾಮಾನಿನ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. "ಬಲಗಡೆಯ ಗೋಲಿನ ಹತ್ತಿರ ನೀರು ನಿಲ್ತದೆ, ಮಣ್ಣು ಹಾಕಿಸು" ಎಂದು ಹೇಳಿ ಹೋದರು. ಕಾರ್ಕಳದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಅವರಿಗೆ ಡ್ರಿಲ್ ಮಾಸ್ಟ್ರ ಕೆಲಸ ಸಿಕ್ಕಿತು. ಅದೂ ತಾತ್ಕಾಲಿಕ. ವಿಶ್ವವಿದ್ಯಾಲಯಕ್ಕೆ ತಂಡ ಕಟ್ಟಬೇಕಿದ್ದವರು ಏಳನೆಯ ತರಗತಿ ಮುಗಿಸಿ ಬಂದ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಮಾಡಿದರು.

೧೯೮೩ರಲ್ಲಿ ನನ್ನ ತಂಡ ಫೈನಲ್ ಗೆದ್ದಿತು. ಪದ್ಧತಿಯಂತೆ ನಾನು ವಿಶ್ವವಿದ್ಯಾಲಯ ತಂಡದ ಕೋಚ್ ಆದೆ. ಆ ತಿಂಗಳಲ್ಲೇ ಕಾರ್ಕಳದ ಬಸ್ ಸ್ಟ್ಯಾಂಡಿನಲ್ಲಿ ಮಾಸ್ಟ್ರು ಸಿಕ್ಕಿದರು. ಕೈಯಲ್ಲಿ ಒಂದು ಬಲೆಯ ಚೀಲ, ಅದರಲ್ಲಿ ಗಾಳಿ ಹೋದ ಮೂರು ಚೆಂಡು.

"ಪೇಪರಿನಲ್ಲಿ ನಿನ್ನ ಹೆಸರು ಉಂಟು" ಎಂದರು.

"ಎಲ್ಲ ನೀವು ಕಲಿಸಿದ ಹಾಗೇ ಮಾಡಿದ್ದು ಮಾಸ್ಟ್ರೇ."

"ನಾನು ಕಲಿಸಿದವರು ಈಗ ಬೊಂಬಾಯಿಯಲ್ಲಿ, ಗಲ್ಫಿನಲ್ಲಿ ಇದ್ದಾರೆ. ಇದು ನಿನ್ನ ತಂಡ."

ನಾನು ಹೇಳಲೇಬೇಕು ಎಂದುಕೊಂಡು ಬಾಯಿ ತೆರೆದೆ. "ಮಾಸ್ಟ್ರೇ, ಆವತ್ತು ನಾನು ಬರೆದುಕೊಟ್ಟದ್ದು..."

"ಪ್ರಿನ್ಸಿಪಾಲರು ನನಗೆ ತೋರಿಸಿದ್ದಾರೆ. ನಿನ್ನ ಅಕ್ಷರ ಚೆಂದ ಉಂಟು."

ಬಸ್ ಬಂತು. ಅವರು ಹತ್ತಿ ಕಿಟಕಿಯ ಪಕ್ಕ ಕುಳಿತರು. ಬಸ್ ಹೊರಡುವಾಗ ತಲೆ ಹೊರಗೆ ಹಾಕಿ, "ನಿನ್ನ ರೈಟ್ ಬ್ಯಾಕ್ ಚೆಂಡು ನೋಡ್ತಾನೆ. ಎದುರಿನವನ ಸೊಂಟ ನೋಡ್ಲಿಕ್ಕೆ ಹೇಳು" ಎಂದರು. ಇದು ಪೇಪರಿನಲ್ಲಿ ಬರುವ ವಿಷಯವಲ್ಲ. ಅವರು ಎಲ್ಲೋ ಜನರ ನಡುವೆ ನಿಂತು ನಮ್ಮ ಪಂದ್ಯ ನೋಡಿದ್ದರು. ನನ್ನ ಹತ್ತಿರ ಬಂದಿರಲಿಲ್ಲ. ಅವರು ನನ್ನೊಡನೆ ಆಡಿದ ಕೊನೆಯ ಮಾತು ಅದು.

೧೯೮೮ರಲ್ಲಿ ಬೆಳಗಿನ ಡ್ರಿಲ್ ನಡೆಸುತ್ತಿದ್ದಾಗ ಎದೆ ಹಿಡಿದುಕೊಂಡು ಕುಳಿತರಂತೆ, ಏಳಲಿಲ್ಲ. ಪೂಜೆ ನಡೆಯುವಾಗ ಇಗರ್ಜಿಯ ಹೊರಗೆ ನಿಂತಿದ್ದು, ಆಮೇಲೆ ಸಮಾಧಿಗೆ ಮಣ್ಣು ಹಾಕಿ ಬಂದೆ. ಒಂದು ತಿಂಗಳ ಮೇಲೆ ಅವರ ಹೆಂಡತಿ ಸೆವ್ರಿನ್ ಬಾಯಿ ಹೇಳಿಕಳಿಸಿದರು. ಕಲ್ಯಾಣಪುರದ ಮನೆಗೆ ಹೋದೆ. ಅವರು ಒಂದು ಫೈಲ್ ತೆರೆದು ತೋರಿಸಿದರು.

"ಸೈನ್ಯದ ಕಾಗದ ಉಂಟು. ಕಾರ್ಕಳದ ಶಾಲೆಯವರದ್ದು ಉಂಟು. ನಿಮ್ಮ ಕಾಲೇಜಿನದ್ದು ಒಂದೂ ಇಲ್ಲ. ಎಂಟು ವರ್ಷ ಅಲ್ಲಿ ಕೋಚ್ ಆಗಿದ್ರು ಅಂತ ಒಂದು ಬರೆಸಿ ಕೊಡಿ. ಮೊಮ್ಮಕ್ಕಳಿಗೆ ತೋರಿಸ್ಲಿಕ್ಕೆ."

ಕಾಲೇಜಿನ ಆಫೀಸಿನಲ್ಲಿ ಕೇಳಿದೆ. ತಾತ್ಕಾಲಿಕ ಆರ್ಡರುಗಳ ಪ್ರತಿ ಇಡುವುದಿಲ್ಲ, ದಾಖಲೆ ಇಲ್ಲದೆ ಬರೆದುಕೊಡಲು ಬರುವುದಿಲ್ಲ ಎಂದರು. ಕೊನೆಗೆ ನಾನೇ ಬಿಳಿ ಕಾಗದದಲ್ಲಿ, ನನ್ನ ಹೆಸರು ಹುದ್ದೆ ಹಾಕಿ ಬರೆದೆ. ಅವರು ಎಂಟು ವರ್ಷ ಕೋಚ್ ಆಗಿದ್ದರು, ತಂಡವನ್ನು ಕಟ್ಟಿದವರು ಅವರು, ಫೈನಲ್‌ನಲ್ಲಿ ಸೋತದ್ದು ನನ್ನ ತಪ್ಪಿನಿಂದ, ಅವರು ಎರಡು ಬೆರಳು ಎಂದಿದ್ದರು, ಡಬ್ಬ ಸುರಿದವನು ನಾನು. ಎಲ್ಲವನ್ನೂ ಬರೆದೆ. ಒಂಬತ್ತು ವರ್ಷದ ಭಾರ ಇಳಿಯಿತು ಎಂದುಕೊಂಡು ಆ ಕಾಗದ ಹಿಡಿದು ಹೋದೆ.

ಸೆವ್ರಿನ್ ಬಾಯಿ ನಿಧಾನವಾಗಿ ಓದಿದರು.

"ಇದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು" ಎಂದರು. "ಒಂದು ಸಲ ನೀವು ಈ ಮೆಟ್ಟಿಲು ಹತ್ತಿ ಬಂದಿದ್ರೆ ಚೆನ್ನಾಗಿ ಬೈದು, ಊಟ ಹಾಕಿ ಕಳಿಸ್ತಿದ್ರು. ಎರಡು ವರ್ಷ ಕಾದ್ರು. ಆಮೇಲೆ ನಿಮ್ಮ ಹೆಸರು ಹೇಳುವುದು ಬಿಟ್ರು."

ಅವರು ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ಎಣ್ಣೆಯ ವಿಷಯ ಇದರಲ್ಲಿ ಬೇಡ. ಎಂಟು ವರ್ಷ ಇದ್ರು ಅಂತ ಮಾತ್ರ ಬರೆದುಕೊಡಿ. ಇದು ಅವರ ಕಾಗದ, ನಿಮ್ಮದಲ್ಲ."

ಅಲ್ಲೇ ಜಗಲಿಯಲ್ಲಿ ಕುಳಿತು ನಾಲ್ಕು ಸಾಲು ಬರೆದುಕೊಟ್ಟೆ. ಅದನ್ನು ಅವರು ಫೈಲಿನಲ್ಲಿ ಸೇರಿಸಿದರು.

ಅನಂತರವೂ ಬಹಳ ವರ್ಷ ಕೋಚ್ ಆಗಿದ್ದು ನಿವೃತ್ತನಾದೆ. ಹತ್ತಾರು ಸೋಲಿನ ವರದಿ ಬರೆದಿದ್ದೇನೆ. ಮಾರ್ಕರನ ತಪ್ಪನ್ನೂ ನನ್ನದೆಂದೇ ಬರೆದಿದ್ದೇನೆ. ಅದರಿಂದ ಯಾವ ಹಳೆಯ ಲೆಕ್ಕವೂ ತೀರಲಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ತಪ್ಪು ಒಪ್ಪಿಕೊಳ್ಳಲು ಒಂದು ಅವಧಿ ಇದೆ, ಆಗ ಅದು ಇನ್ನೊಬ್ಬನನ್ನು ಉಳಿಸುತ್ತದೆ. ಅವಧಿ ಮೀರಿದರೆ ಹೇಳಿದವನ ಸಮಾಧಾನಕ್ಕೆ ಮಾತ್ರ ಬರುತ್ತದೆ, ಅಥವಾ ಅದಕ್ಕೂ ಬರುವುದಿಲ್ಲ. ಸೆವ್ರಿನ್ ಬಾಯಿ ಬೇಡವೆಂದು ತೆಗೆಸಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಇದು ನನ್ನ ಕಾಗದ.