ಪುಟ್ಟಗೌರಮ್ಮನ ಮನೆಯ ಸಣ್ಣ ಮೊಟ್ಟೆಗಳು

ಕೋವಿಡ್ ಕಳೆದ ಮರುವರ್ಷ ನಾನು ದೊಡ್ಡಮಳೂರಿಗೆ ಹತ್ತಿರದ ಒಂದು ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿಯಿತ್ತು. ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲು ಉಕ್ಕಿದರೂ ಪೋಸ್ಟ್‌ಮಾರ್ಟಂ ಮಾಡುವವರು ನೀವು ಎಂದು ಹೆಂಡತಿ ರೇಗಿಸುತ್ತಿದ್ದಳು. ಕಾಯಿಲೆ ಹುಡುಕುವ ಕೆಲಸಕ್ಕೆ ಅದೇ ಒಳ್ಳೆಯದು ಎಂದು ನಾನು ಬೀಗುತ್ತಿದ್ದೆ.

ಮಾರ್ಚ್ ಮೊದಲ ವಾರ ಪುಟ್ಟಗೌರಮ್ಮ ಎಂಬ ಹೆಂಗಸು ಸೆರಗಿನಲ್ಲಿ ಆರು ಮೊಟ್ಟೆ ಕಟ್ಟಿಕೊಂಡು ಬಂದರು. ಪಾರಿವಾಳದ್ದೇನೋ ಅನ್ನಿಸಿತು. ತೂಗಿದೆ. ಒಂದೊಂದೂ ಇಪ್ಪತ್ತೆಂಟು ಗ್ರಾಂ ಆಸುಪಾಸು. ನಾಟಿ ಕೋಳಿ ಮೊಟ್ಟೆ ನಲವತ್ತಾದರೂ ತೂಗಬೇಕು. ಮೊದಲ ಸಲ ಇಡುವ ಎಳೆಕೋಳಿಯಾದರೆ ಮೊಟ್ಟೆ ಸಣ್ಣದಿರುವುದು ಸಹಜ, ಆದರೆ ಇವರ ಆರೂ ಕೋಳಿಗಳು ಎರಡು ವರ್ಷ ದಾಟಿದವು.

“ಸೊಸೆ ಬಂದು ಮೂರ್ ತಿಂಗ್ಳಾಯ್ತು ಸಾ. ಅವತ್ನಿಂದ್ಲೇ ಇಂಗೆ. ಅವ್ಳ ಕಾಲ್ಗುಣ ಸರೀಗಿಲ್ಲ ಅಂತಾವ್ರೆ ಊರಲ್ಲಿ.”

ಕಾಲ್ಗುಣದ ಮಾತಿಗೆ ನಾನು ನಕ್ಕುಬಿಟ್ಟೆ. ಆದರೂ ಆ ಸೊಸೆ ನನ್ನ ತಲೆಯಿಂದ ಹೋಗಲಿಲ್ಲ. ಮರುದಿನ ಮನೆಗೇ ಹೋಗಿ ಕೋಳಿಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ಉಸಿರಾಟ ಸರಿಯಿತ್ತು, ಪುಕ್ಕ ಚೆನ್ನಾಗಿತ್ತು, ಹಿಕ್ಕೆಯಲ್ಲಿ ಜಂತುಹುಳುವಿನ ಸುಳಿವಿರಲಿಲ್ಲ. ಸೊಸೆ ಸೌಮ್ಯ, ಹಾರೋಹಳ್ಳಿ ಕಡೆಯ ಹುಡುಗಿ, ಬಾಗಿಲ ಮರೆಯಲ್ಲಿ ನಿಂತಿದ್ದಳು. ಕೋಳಿಗೆ ಏನು ಹಾಕ್ತೀರಿ ಎಂದು ಕೇಳಿದಾಗ ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಸುಮ್ಮನಾದಳು. ರಾಗಿ, ನುಚ್ಚು, ಅಷ್ಟೇ ಎಂದರು ಅತ್ತೆ.

ಈ ಹುಡುಗಿ ಏನೋ ಮುಚ್ಚಿಡುತ್ತಿದ್ದಾಳೆ ಎಂದುಕೊಂಡೆ. ಹೊರಡುವಾಗ ಪುಟ್ಟಗೌರಮ್ಮನಿಗೆ ಮೆಲ್ಲಗೆ ಹೇಳಿದೆ: “ಕೋಳಿಗೆ ಯಾರು ಏನು ಹಾಕ್ತಾರೆ, ಒಸಿ ಕಣ್ಣಿಟ್ಟಿರಿ.”

ಎಂಥ ಮಾತಾಡಿಬಿಟ್ಟೆ! ವಾರದೊಳಗೆ ಫೋನ್ ಬಂತು.

“ನೀವೇಳಿದ್ದು ದಿಟ ಸಾ. ದಿನಾ ಬೆಳಿಗ್ಗೆ ಸೆರಗಲ್ಲಿ ಏನೋ ಬಚ್ಚಿಟ್ಕಂಡೋಗಿ ಕೋಳಿಗಾಕ್ತಾವ್ಳೆ. ಅವ್ರಪ್ಪನ್ನ ಕರ್ಸಿವ್ನಿ. ಇವತ್ತೇ ಕರ್ಕೊಂಡೋಗ್ಲಿ, ನಮ್ಗೆ ಬ್ಯಾಡ ಇವ್ಳು.”

ಬೈಕ್ ಹತ್ತಿದೆ. ಹೋಗುವಷ್ಟರಲ್ಲಿ ಸೌಮ್ಯಳ ಬ್ಯಾಗು ಜಗಲಿಗೆ ಬಂದಿತ್ತು. ಪಕ್ಕದಲ್ಲಿ ಅವಳ ತಂದೆ ತಲೆ ತಗ್ಗಿಸಿ ಕೂತಿದ್ದರು. ಗಂಡ ಮರದ ಬೊಂಬೆ ಮಾಡುವ ಕೆಲಸಕ್ಕೆ ಹೋಗಿದ್ದ. ನಾನು ಪೊಲೀಸಿನವನಂತೆ ಕೇಳಿದೆ, “ಸೆರಗಲ್ಲಿ ಏನಮ್ಮ ತರ್ತಿದ್ದೆ?”

ಅವಳು ಅಳುತ್ತಲೇ ಹಿತ್ತಲಿನಿಂದ ಗೆದ್ದಲು ತಿಂದು ಲಡ್ಡಾದ ಒಂದು ಸೌದೆ ತಂದು ನೆಲಕ್ಕೆ ಕುಟ್ಟಿದಳು. ಗೆದ್ದಲು ಉದುರಿದವು. ಆರೂ ಕೋಳಿ ಮುಗಿಬಿದ್ದವು.

“ಇದನ್ನ ಕದ್ದು ಯಾಕೆ ಹಾಕಬೇಕಿತ್ತು?”

“ಅತ್ತೆ ಫಿಲೇಚರ್‌ಗೆ ಓಗ್ವಾಗ ದಿನಾ ರೇಷ್ಮೆ ಹುಳ ತಂದಾಕ್ತಿದ್ರಂತೆ ಸಾ. ನಾನ್ ಬಂದ್ಮ್ಯಾಕೆ ಕೆಲ್ಸ ಬುಟ್ರು, ಹುಳಾನೂ ನಿಂತೋಯ್ತು. ಅದ್ಕೇ ಬದ್ಲಿಗೆ ಗೆದ್ಲು ಆಕ್ತಿದ್ದೆ. ಅದ್ನೇಳುದ್ರೆ ಎಲ್ಲಿ ಮತ್ತೆ ಆ ಕುದಿಯೋ ನೀರ್ಗೆ ಕೈ ಆಕಕ್ಕೆ ಓಯ್ತಾರೋ ಅಂತ ಸುಮ್ಕಿದ್ದೆ.”

ಫಿಲೇಚರ್ ಎಂದರೆ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಕಾರ್ಖಾನೆ. ನೂಲು ಬಿಚ್ಚಿದ ಮೇಲೆ ಗೂಡಿನಲ್ಲಿ ಉಳಿಯುವ ಬೆಂದ ಹುಳವನ್ನು ಪ್ಯೂಪಾ ಎನ್ನುತ್ತೇವೆ. ಅದರ ತುಂಬ ಪ್ರೋಟೀನ್. ಅದು ತಪ್ಪಿದರೆ ಮೊಟ್ಟೆ ಸಣ್ಣದಾಗುತ್ತದೆ. ಒಂದು ಹಿಡಿ ಗೆದ್ದಲು ಅದಕ್ಕೆ ಸಾಲದು. ಪುಟ್ಟಗೌರಮ್ಮ ರೇಷ್ಮೆ ಹುಳವನ್ನು ಮೇವು ಎಂದು ಲೆಕ್ಕಕ್ಕೇ ಇಟ್ಟಿರಲಿಲ್ಲ, ಹೇಳಲಿಲ್ಲ. ಅವರನ್ನು ಬಿಡಿ, ಇಷ್ಟು ವರ್ಷ ರೇಷ್ಮೆ ಸೀಮೆಯಲ್ಲಿದ್ದ ನನಗೇನಾಗಿತ್ತು? ಮೊದಲು ಏನು ಹಾಕುತ್ತಿದ್ದಿರಿ ಎಂದು ಒಂದು ಮಾತು ಕೇಳಲಿಲ್ಲವಲ್ಲ! ನಾಚಿಕೆಯಾಯಿತು. ತಪ್ಪು ನನ್ನದು ಎಂದು ಆ ತಂದೆಯ ಎದುರಿಗೇ ಹೇಳಿದೆ.

ಪುಟ್ಟಗೌರಮ್ಮ ತಮ್ಮ ಕೈ ನೋಡಿಕೊಂಡರು. ಇಪ್ಪತ್ತೆರಡು ವರ್ಷ ಬಿಸಿನೀರಿನಲ್ಲಿ ಬೆಂದ ಬೆರಳುಗಳು ಬಿಳುಚಿ ಸುಕ್ಕುಗಟ್ಟಿದ್ದವು.

“ಈ ಕೈಗೋಸ್ಕರ ಅಷ್ಟೊಂದ್ ಬೈಸ್ಕಂಡ್ಯೇನವ್ವ?” ಎಂದವರೇ ಬ್ಯಾಗನ್ನು ತಾವೇ ಎತ್ತಿಕೊಂಡು ಒಳಗೆ ಹೋದರು.

ಫಿಲೇಚರ್‌ಗೆ ಹೋಗುವ ಪಕ್ಕದ ಮನೆಯಾಕೆ ಹುಳ ತಂದುಕೊಡತೊಡಗಿದರು. ಏಪ್ರಿಲ್ ಕೊನೆಗೆ ಸೌಮ್ಯ ಹತ್ತು ಮೊಟ್ಟೆ ತಂದು ನನ್ನ ಮೇಜಿನ ಮೇಲಿಟ್ಟಳು. ಹುಟ್ಟುಬುದ್ಧಿ ಎಲ್ಲಿ ಹೋಗುತ್ತದೆ, ಕೈ ತಕ್ಕಡಿಯತ್ತ ಹೋಯಿತು. ಅವಳು ನಕ್ಕಳು. “ತೂಗ್ನೋಡಿ ಸಾ, ಪರ್ವಾಗಿಲ್ಲ.”

ನಲವತ್ತೊಂದು ಗ್ರಾಂ. ಅದಾದ ಮೇಲೂ ನಾನು ಕಾಯಿಲೆಯನ್ನು ಅನುಮಾನಿಸುವುದು ಬಿಡಲಿಲ್ಲ. ಆದರೆ ಯಾವ ಮನೆಗೆ ಹೋದರೂ ಬಾಗಿಲ ಮರೆಯಲ್ಲಿ ಸುಮ್ಮನೆ ನಿಂತವರನ್ನು ಹತ್ತಿರ ಕರೆದು, ನಿನಗೇನನ್ನಿಸುತ್ತಮ್ಮ ಎಂದು ಮೊದಲು ಕೇಳುತ್ತಿದ್ದೆ. ಅವರ ಮೇಲೆ ಕಣ್ಣಿಡಿ ಎಂದು ಮತ್ತೆಂದೂ ಯಾರಿಗೂ ಹೇಳಲಿಲ್ಲ.