ನೆಂಟರಿಲ್ಲದ ಊರಿಗೆ ಒಂದು ದಿನ

ನಾನು ಸಮಾಜ ವಿಜ್ಞಾನ ಹೇಳಿಕೊಡುವ ಮೇಡಂ. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ನಮ್ಮ ಜಿಲ್ಲೆಯ ನಕ್ಷೆ ಬರೆಯುತ್ತೇನೆ. ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ ಎಂದು ಮಕ್ಕಳ ಮುಂದೆ ಕೊಚ್ಚಿಕೊಂಡದ್ದೂ ಉಂಟು. ಆದರೆ ಆ ನಕ್ಷೆಯಲ್ಲಿ ನೀವು ಕಾಲಿಟ್ಟ ಊರುಗಳನ್ನು ತೋರಿಸಿ ಎಂದರೆ ನನ್ನ ಬಂಡವಾಳ ಬಯಲಾಗುತ್ತದೆ. ಮದುವೆಯ ಊರು, ನಾಮಕರಣದ ಊರು, ತಿಥಿಯ ಊರು, ಅಷ್ಟೇ. ಎಲೆ ಹಾಕಿ ಬಡಿಸದ ಊರಿಗೆ ನಾನು ಹೋದದ್ದೇ ಇಲ್ಲ.

ಇಂಥ ನನಗೆ ಅಕ್ಕ ಒಂದು ಸಂಜೆ ಫೋನ್ ಮಾಡಿ, "ಒಂದಿನ ಎಲ್ಲಿಗಾದ್ರೂ ಕರ್ಕೊಂಡು ಹೋಗೇ" ಅಂದಳು.

"ಎಲ್ಲಿಗೆ?"

"ನೆಂಟರಿಲ್ಲದ ಊರಿಗೆ. ನಾನು ಯಾರ್ಗೂ ಕಾಫಿ ಕಾಸಬಾರ್ದು. ನಂಗೂ ಯಾರೂ ಕಾಸಿಕೊಡಬಾರ್ದು. ಕಾಸಿಕೊಟ್ರೆ ಎದ್ದು ಲೋಟ ತೊಳೀಬೇಕಾಗ್ತದೆ."

ಅಕ್ಕನನ್ನು ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಕೊಟ್ಟಿದೆ. ಅವರದು ರೇಷ್ಮೆ ಹುಳು ಸಾಕುವ ಮನೆ. ಹುಳು ಬಂದು ಕೂತಿತೆಂದರೆ ಅಕ್ಕನಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಸೆಕೆ ಹೆಚ್ಚಾಯಿತೋ ಥಂಡಿ ಹೆಚ್ಚಾಯಿತೋ ನೋಡಬೇಕು. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸಿದ ಮೇಲೆ ಹುಳು ಮನೆಯನ್ನು ತೊಳೆದು, ಔಷಧಿ ಹೊಡೆದು, ಕೆಲವು ದಿನ ಖಾಲಿ ಬಿಡುತ್ತಾರೆ. ಮುಂದಿನ ಮರಿ ಹುಳು ಬರುವ ತನಕದ ಆ ಬಿಡುವೇ ಅಕ್ಕನ ರಜೆ. ಹೋದ ಸಲದ ಬಿಡುವು ಭಾವನ ಸೋದರತ್ತೆ ಬಂದು ಕೂತದ್ದರಲ್ಲಿ ಮುಗಿಯಿತು. ಅದರ ಹಿಂದಿನದು ಯಾರದೋ ಗೃಹಪ್ರವೇಶಕ್ಕೆ ಚಕ್ಕುಲಿ ಒತ್ತುವುದರಲ್ಲಿ. "ಈ ಸಲ ಒಂದು ದಿನ ನಂದು ಕಣೇ" ಅಂದಳು. ಅಕ್ಕ ಯಾವುದನ್ನಾದರೂ ನಂದು ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಗಲಿ ಎಂದು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ನಾನು ಮೇಡಂ ಅಲ್ಲವೇ, "ನಂಗ್ ಬಿಡು, ಪ್ಲ್ಯಾನ್ ಎಲ್ಲ ನಾನ್ ಮಾಡ್ತೀನಿ" ಎಂದುಬಿಟ್ಟೆ.

ಅಂದಿನಿಂದ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ತಪ್ಪಿತು. ನಾನು ಫೋನ್ ಹಿಡಿದುಕೊಂಡು 'ಯಾರಿಗೂ ಗೊತ್ತಿಲ್ಲದ ಜಾಗಗಳು' ಎಂಬ ವಿಡಿಯೋಗಳನ್ನು ನೋಡುತ್ತ ಕೂತೆ. ಯಾರಿಗೂ ಗೊತ್ತಿಲ್ಲದ ಆ ಜಾಗಗಳಲ್ಲಿ ಸೆಲ್ಫಿ ತೆಗೆಯಲು ಜನ ಸಾಲುಗಟ್ಟಿ ನಿಂತಿದ್ದರು. ನನಗೂ ಅಕ್ಕನಿಗೂ ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಅದಕ್ಕೆ ನಾನೇ ಅಡ್ಮಿನ್ ಆದೆ. "ಇರೋರು ಇಬ್ರು, ಅದಕ್ಕೊಂದು ಗ್ರೂಪಾ?" ಎಂದು ನನ್ನ ಗಂಡ ಕೇಳಿದರು. ಯಾವುದನ್ನೂ ಶಿಸ್ತಿನಿಂದ ಮಾಡದವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಎಂದು ಅವರ ಬಾಯಿ ಮುಚ್ಚಿಸಿದೆ.

ಜಾಗ ಹುಡುಕುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ನಂದಿ ಬೆಟ್ಟ ಬೇಡ, ರಜೆ ಬಂತೆಂದರೆ ಬೆಂಗಳೂರಿನ ಕಾರುಗಳು ರಸ್ತೆಯ ತುಂಬ ಸಾಲು ನಿಲ್ಲುತ್ತವೆ. ಬೆಟ್ಟದ ಕೆಳಗಿನ ನಂದಿಯೂ ಬೇಡ, ಅಲ್ಲಿ ದ್ರಾಕ್ಷಿ ತೋಟದ ಚಿಕ್ಕಪ್ಪ ಇದ್ದಾರೆ. ಸ್ಕಂದಗಿರಿಗೆ ಕತ್ತಲಲ್ಲೇ ಟಾರ್ಚ್ ಹಿಡಿದು ಹತ್ತುವ ಹುಡುಗರ ಹಿಂದೆ ನಮ್ಮ ಮಂಡಿಗಳು ಏರುವ ಮಾತಿಲ್ಲ. ಚಿಂತಾಮಣಿ ಕಡೆ ನನ್ನ ನಾದಿನಿ ಇದ್ದಾಳೆ. ಅವಳ ಊರಿನ ಗಡಿಯಲ್ಲಿ ನಾನು ಸೀನಿದರೂ ಅವಳಿಗೆ ಗೊತ್ತಾಗುತ್ತದೆ. ಶಿಡ್ಲಘಟ್ಟದ ಸುತ್ತಮುತ್ತ ಅಂತೂ ಕಲ್ಲು ಎಸೆದರೆ ಭಾವನ ಕಡೆಯವರಿಗೇ ಬೀಳಬೇಕು. ಹೀಗೆ ಅಳಿಸುತ್ತ ಅಳಿಸುತ್ತ ಬಂದರೆ ನಾನು ವರ್ಷವರ್ಷ ಬರೆಯುವ ನಕ್ಷೆಯಲ್ಲಿ ಉಳಿದದ್ದು ಗೌರಿಬಿದನೂರಿನ ಆಚೆ, ನಗರಗೆರೆ ಹೋಬಳಿಯ ಒಂದು ಮೂಲೆ. ಹಿಂದೆ ಆ ಕಡೆ ಕೆಲಸ ಮಾಡಿದ್ದ ನಮ್ಮ ಗಣಿತದ ಮೇಷ್ಟ್ರು, "ಅಲ್ಲೊಂದು ಕೆರೆ ಇದೆ ಮೇಡಂ, ಏರಿ ಕೆಳಗೆ ಹೊಂಗೆ ಮರಗಳಿವೆ. ನೋಡೋಕೆ ಏನೂ ಇಲ್ಲ" ಅಂದರು. ನೋಡೋಕೆ ಏನೂ ಇಲ್ಲ ಎಂದ ಕೂಡಲೇ ಇದೇ ಜಾಗ ಎಂದು ತೀರ್ಮಾನಿಸಿದೆ.

ಕಾರು ಓಡಿಸುವವಳೂ ನಾನೇ. ಐವತ್ತು ದಾಟಿದ ಮೇಲೆ ಕಲಿತದ್ದು. ಮುಂದಕ್ಕೆ ಚೆನ್ನಾಗಿಯೇ ಓಡಿಸುತ್ತೇನೆ. ಹಿಂದಕ್ಕೆ ತೆಗೆಯುವುದು ಮಾತ್ರ ನನಗೂ ಕಾರಿಗೂ ಇನ್ನೂ ಒಗ್ಗಿಲ್ಲ. ಆದ್ದರಿಂದ ಎಲ್ಲಿಯೂ ರಿವರ್ಸ್ ತೆಗೆಯಬೇಕಾಗದ ದಾರಿಯನ್ನೇ ಆರಿಸಿಕೊಂಡಿದ್ದೆ. ಬೆಳಿಗ್ಗೆ ಅಕ್ಕನ ಊರಿಗೆ ಹೋಗಿ ಅವಳನ್ನು ಹತ್ತಿಸಿಕೊಂಡೆ. ಭಾವ ಬಾಗಿಲಲ್ಲಿ ನಿಂತು, "ಎಲ್ಲಿಗೆ ಹೋಗ್ತೀರಿ?" ಅಂದರು. "ಹಿಂಗೇ" ಅಂದಳು ಅಕ್ಕ. ಹಿಂಗೇ ಎನ್ನುವ ಊರು ಯಾವ ತಾಲ್ಲೂಕಿನಲ್ಲಿದೆ ಎಂದು ಭಾವ ಯೋಚಿಸುವಷ್ಟರಲ್ಲಿ ನಾವು ಹೊರಟಾಗಿತ್ತು. ಹಿಂದಿನ ಸೀಟಿನಲ್ಲಿ ಚಿತ್ರಾನ್ನ, ಮೊಸರನ್ನ, ಕೋಡುಬಳೆ, ಬಾಳೆಹಣ್ಣು, ಚಾಪೆ, ಛತ್ರಿ, ಬೇಕಾಗಬಹುದು ಎಂದು ಒಂದು ಟಾರ್ಚು. ಆ ದಿನಕ್ಕೆ ನಾನು ಗಂಟೆಗಂಟೆಗೂ ಕೆಲಸ ಹಾಕಿದ್ದೆ. ಮೊದಲು ಏರಿಯ ಮೇಲೆ ನಡಿಗೆ, ಆಮೇಲೆ ಫೋಟೋ, ಊಟ, ಊಟವಾದ ಮೇಲೆ ಹಳೆಯ ದಿನಗಳ ಮಾತು.

ಗೌರಿಬಿದನೂರಿನ ಹತ್ತಿರ ಒಂದು ರೈಲ್ವೆ ಗೇಟು ಬಿತ್ತು. ಕಾರು ನಿಲ್ಲಿಸಿದೆ. ಪಕ್ಕದಲ್ಲಿ ಒಂದು ಬೈಕು ಬಂದು ನಿಂತಿತು. ಅಕ್ಕ ಥಟ್ಟನೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು, "ನಮ್ಮೋರ ಚಿಕ್ಕಪ್ಪನ ಮಗ ಕಣೇ. ಈಗ ಇಲ್ಲೇ ಮನೆ ಮಾಡವ್ನೆ" ಎಂದು ಪಿಸುಗುಟ್ಟಿದಳು. ನನ್ನ ನಕ್ಷೆ ಹಳೆಯದಾಗಿತ್ತು. ಭಾವನ ತಮ್ಮನ ಸಮಾನನಾದ ಈ ಮನುಷ್ಯ ಬಗ್ಗಿ ಕಿಟಕಿಯೊಳಗೆ ನೋಡಿ, ಸೆರಗಿನ ಅಡಿಯಲ್ಲಿದ್ದರೂ ಗುರುತು ಹಿಡಿದ.

"ಅತ್ತಿಗೆ, ಇದೇನ್ ಇಷ್ಟು ದೂರ? ನಡೀರಿ ಮನೆಗೆ. ನಾಟಿ ಕೋಳಿ ತರಿಸ್ತೀನಿ, ಊಟ ಮಾಡ್ಕೊಂಡೇ ಹೋಗೋದು."

ನಾಟಿ ಕೋಳಿ ಎಂದರೆ ಅಕ್ಕ ಮಸಾಲೆ ಅರೆಯಲು ಕೈ ಹಾಕದೆ ಇರುವವಳಲ್ಲ. ಊಟ ಮುಗಿದು, ಎಲೆ ಅಡಿಕೆಯಾಗಿ, ಅರಿಶಿನ ಕುಂಕುಮ ಕೊಡುವ ಹೊತ್ತಿಗೆ ಅವಳ ದಿನ ಸಂಜೆಯಾಗಿರುತ್ತದೆ. ಬರುವುದಿಲ್ಲ ಎಂದರೆ ಮುಂದಿನ ಮದುವೆಯ ತನಕ ಅದೇ ಮಾತು. ಅಕ್ಕ ಆಗಲೇ ಸೆರಗು ಸರಿಸಿ, ಸೋತವಳ ನಗು ನಕ್ಕು, "ಆಯ್ತಪ್ಪ" ಎನ್ನಲು ಬಾಯಿ ತೆರೆದಿದ್ದಳು. ನನಗೆ ರೇಗಿಹೋಯಿತು. ಹಿಂದೆ ಮುಂದೆ ನೋಡದೆ ನಾನೇ ಬಾಯಿ ಹಾಕಿದೆ.

"ಇಲ್ಲಪ್ಪ, ಒಂದು ಸಾವಿಗೆ ಹೊರಟಿದೀವಿ."

ನಮ್ಮ ಕಡೆ ಸಾವಿಗೆ ಹೊರಟವರನ್ನು ಯಾರೂ ತಡೆಯುವುದಿಲ್ಲ. ಬನ್ನಿ ಅನ್ನುವುದಿಲ್ಲ, ಕಾಫಿ ಕೊಡುವುದಿಲ್ಲ. ಬರುವಾಗಲೂ ಯಾರ ಮನೆಗೂ ಹೋಗದೆ ನೇರ ತಮ್ಮ ಮನೆಗೆ ಬಂದು, ಹೊರಗೇ ಸ್ನಾನ ಮಾಡಿ ಒಳಗೆ ಹೋಗಬೇಕು. ನೆಂಟರಿಂದ ತಪ್ಪಿಸಿಕೊಳ್ಳಲು ಇಡೀ ಜಿಲ್ಲೆಯಲ್ಲಿರುವುದು ಇದೊಂದೇ ದಾರಿ. ಅವನ ಮುಖ ಸಪ್ಪಗಾಯಿತು. "ದೊಡ್ಡೋರಾ?" ಅಂದ. "ವಯಸ್ಸಾಗಿತ್ತು" ಅಂದೆ. ಅವನು ತಲೆಗೆ ಕಟ್ಟಿದ್ದ ಟವೆಲ್ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. ಗೇಟು ತೆರೆಯಿತು. ಅವನೇ ಮುಂದೆ ನಿಂತು ಬೇರೆ ಗಾಡಿಗಳನ್ನು ತಡೆದು ನಮಗೆ ದಾರಿ ಬಿಡಿಸಿಕೊಟ್ಟ.

ಒಂದಷ್ಟು ದೂರ ಹೋದ ಮೇಲೆ ಅಕ್ಕ, "ಯಾರ್ನ ಸಾಯ್ಸಿದ್ಯೇ?" ಅಂದಳು.

"ಯಾರ್ನೂ ಇಲ್ಲ. ಹೆಸರು ಹೇಳಿಲ್ಲವಲ್ಲ."

"ಹೆಸರು ಹೇಳಿಲ್ಲ ಅಂದ್ರೆ ವಯಸ್ಸಾದೋರ್ನೆಲ್ಲ ಸಾಯ್ಸಿದ ಹಂಗೇ ಲೆಕ್ಕ" ಎಂದು ಅಕ್ಕ ನಗತೊಡಗಿದಳು. ನನಗೂ ನಗು ಬಂತು. ಕಾರು ರಸ್ತೆಯ ಮೇಲೆ ಅತ್ತ ಇತ್ತ ಹೊರಳಿತು.

ಕೆರೆ ಮೇಷ್ಟ್ರು ಹೇಳಿದಂತೆಯೇ ಇತ್ತು. ಅರ್ಧ ನೀರು, ಅರ್ಧ ಜಾಲಿ ಗಿಡ, ಒಂದು ಏರಿ, ಹೊಂಗೆ ಮರಗಳ ನೆರಳು. ಒಂದು ನರಪಿಳ್ಳೆಯೂ ಇರಲಿಲ್ಲ. ಇದನ್ನು ಹುಡುಕಿದವಳು ನಾನೇ ಎಂಬಂತೆ ಸೊಂಟದ ಮೇಲೆ ಕೈಯಿಟ್ಟು ನಿಂತೆ. ಅಕ್ಕ ಚಾಪೆ ಹಾಸಿ, "ಸ್ವಲ್ಪ ಕಾಲು ಚಾಚ್ತೀನಿ ತಾಳು" ಎಂದು ಕಾಲು ಚಾಚಿದಳು. ಆಮೇಲೆ ಮೈ ಚಾಚಿದಳು. ನಾನು ಬುತ್ತಿಯ ಡಬ್ಬಿಗಳನ್ನು ಇಳಿಸಿಕೊಂಡು ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಸರಿ, ಒಂದು ಕೋಳಿನಿದ್ದೆ ಮಾಡಲಿ ಎಂದು ಕಾದೆ. ಏರಿಯ ಮೇಲೆ ನಡೆಯುವ ಹೊತ್ತು ಕಳೆಯಿತು. ಫೋಟೋದ ಹೊತ್ತು ಕಳೆಯಿತು. ಚಿತ್ರಾನ್ನ ತಣ್ಣಗಾಗಿ ಇರುವೆ ಬಂತು. ನನಗೆ ಸಿಟ್ಟು ಬಂದದ್ದು ನಿಜ. ಇಷ್ಟೆಲ್ಲ ಹುಡುಕಿ, ಒಬ್ಬರನ್ನು ಸಾಯಿಸಿ ಇಲ್ಲಿಗೆ ಕರೆತಂದರೆ ಇವಳು ಮಲಗುವುದೇ? ಮಲಗುವುದಕ್ಕೆ ಕೆರೆ ಯಾಕೆ ಬೇಕಿತ್ತು? ಎಬ್ಬಿಸಿಯೇ ಬಿಡೋಣ ಎಂದು ಭುಜಕ್ಕೆ ಕೈ ಹಾಕಿದೆ. ಅಕ್ಕ ಕಣ್ಣು ಬಿಡದೆಯೇ, "ಸೊಪ್ಪು ಹಾಕಿದ್ರಾ?" ಅಂದಳು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ಹಾಕಿದ್ವಿ. ಮಲ್ಕೋ" ಅಂದೆ.

ಅಲ್ಲಿಂದ ಮುಂದೆ ನಾನು ಕಾವಲಿಗೆ ಕೂತೆ. ಕುರಿ ಹೊಡೆದುಕೊಂಡು ಒಬ್ಬ ಅಜ್ಜಿ ಬಂದು ಊರಿಗೇ ಕೇಳಿಸುವ ದನಿಯಲ್ಲಿ, "ಏ ಊರಮ್ಮಾ ಮೀದಿ?" ಎಂದು ತೆಲುಗಿನಲ್ಲಿ ಯಾವ ಊರೆಂದು ಕೇಳಿದಳು. ನಾನು ತುಟಿಯ ಮೇಲೆ ಬೆರಳಿಟ್ಟು ಮೊಸರನ್ನದ ಡಬ್ಬಿಯನ್ನೇ ಅವಳ ಕೈಗೆ ಕೊಟ್ಟು ಕುರಿಗಳ ಸಮೇತ ಆಚೆ ಸಾಗಹಾಕಿದೆ. ಹೋಗುವಾಗ ಒಂದು ಕುರಿ ಬಾಳೆಹಣ್ಣಿಗೂ ಬಾಯಿ ಹಾಕಿತು. ಹಾಕಲಿ ಎಂದು ಬಿಟ್ಟೆ.

ಆಮೇಲೆ ಅಕ್ಕನ ಫೋನು ಬಡಿದುಕೊಂಡಿತು. ಹಾರಿ ಹೋಗಿ ಎತ್ತಿದೆ. ಭಾವ.

"ತಮ್ಮ ಫೋನ್ ಮಾಡಿದ್ದ. ಯಾರಮ್ಮ ಹೋಗಿದ್ದು?"

ಅಕ್ಕನಿಗೆ ಎಚ್ಚರವಾದೀತೆಂದು ನಾನು ಬಾಯಿಗೆ ಸೆರಗು ಅಡ್ಡ ಹಿಡಿದು, ಆದಷ್ಟು ಮೆಲ್ಲಗೆ, "ಯಾರೂ ಇಲ್ಲ ಭಾವ, ಆಮೇಲ್ ಹೇಳ್ತೀನಿ" ಅಂದೆ. ಹೇಳಿದ ಮೇಲೆ ಹೊಳೆಯಿತು: ನಮ್ಮಲ್ಲಿ ನಿಜವಾಗಿ ಸತ್ತಾಗ ಹೇಳುವುದೇ ಹೀಗೆ, ಹೀಗೆಯೇ ಸೆರಗು ಬಾಯಿಗಿಟ್ಟುಕೊಂಡು. ಭಾವ, "ಧೈರ್ಯವಾಗಿರಿ" ಎಂದು ಇಟ್ಟರು. ಹಿಂದೆಯೇ ನನ್ನ ಫೋನು. ನನ್ನ ಗಂಡ. "ನಿಮ್ ದೊಡ್ಡಪ್ಪನಾ? ಈಗ್ಲೇ ಹೊರಡ್ಲಾ?" ಅದನ್ನು ಕತ್ತರಿಸಿದೆ. ಮತ್ತೆ ನಂದಿಯ ಚಿಕ್ಕಪ್ಪ. ಪುಣ್ಯಕ್ಕೆ ಅವರು ಬದುಕಿದ್ದಾರೆ ಎಂದಾದರೂ ಜನಕ್ಕೆ ಗೊತ್ತಾಯಿತಲ್ಲ ಅಂದುಕೊಂಡೆ. ಮತ್ತೆ ಚಿಂತಾಮಣಿಯ ನಾದಿನಿ.

ಅಕ್ಕನನ್ನು ಎಬ್ಬಿಸಿ, ಭಾವನ ಹತ್ತಿರ ಒಂದು ಮಾತು ಆಡಿಸಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅವಳ ಬಾಯಿ ತುಸು ತೆರೆದಿತ್ತು, ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು. ನೆಂಟರೆಲ್ಲ ಸೇರಿ ನನ್ನನ್ನು ಹುರಿದು ಮುಕ್ಕಲಿ ಎಂದುಕೊಂಡು ಎರಡೂ ಫೋನುಗಳನ್ನು ಆಫ್ ಮಾಡಿ, ಕೋಡುಬಳೆ ತಿನ್ನುತ್ತ ಕೂತೆ. ಅದನ್ನೂ ಸದ್ದಾಗದಂತೆ ಚೀಪಿ ತಿಂದೆ.

ಬಿಸಿಲು ಇಳಿದ ಮೇಲೆ ಅಕ್ಕ ತಾನಾಗಿ ಎದ್ದಳು. ಎಲ್ಲಿದ್ದೇನೆ ಎಂದು ಸುತ್ತ ನೋಡಿ, "ಅಯ್ಯೋ, ಹೊತ್ತಾಗೋಯ್ತಾ?" ಅಂದಳು. ಉಳಿದ ಚಿತ್ರಾನ್ನವನ್ನು ಇಬ್ಬರೂ ಇರುವೆ ಹೆಕ್ಕಿ ತಿಂದೆವು. ದಾರಿಯಲ್ಲಿ ಫೋನಿನ ಕಥೆ ಹೇಳಿದೆ. ಅವಳು ಬೆಚ್ಚಿಬೀಳುತ್ತಾಳೆ ಅಂದುಕೊಂಡಿದ್ದೆ. "ಹೋಗ್ಲಿ ಬಿಡು" ಎಂದು ಕಿಟಕಿಯಾಚೆ ನೋಡುತ್ತ ಕೂತಳು.

ಅಕ್ಕನ ಊರಿಗೆ ಬರುವ ಹೊತ್ತಿಗೆ ದೀಪ ಹಚ್ಚಿದ್ದರು. ಮನೆಯ ಮುಂದೆ ಹಂಡೆಯಲ್ಲಿ ಸ್ನಾನಕ್ಕೆ ನೀರು ಕುದಿಯುತ್ತಿತ್ತು. ಗೌರಿಬಿದನೂರಿನಿಂದ ಬೈಕಿನಲ್ಲಿ ಬಂದಿದ್ದ ಚಿಕ್ಕಪ್ಪನ ಮಗ ಒಲೆಗೆ ಸೌದೆ ಒಟ್ಟುತ್ತಿದ್ದ. ಪಕ್ಕದ ಮನೆಯವರು ನಾಲ್ಕಾರು ಜನ ಜಗಲಿಯ ಮೇಲೆ ಬಾಯಿ ಬಿಗಿದುಕೊಂಡು ಕೂತಿದ್ದರು. ನಾನು ಕಾರಿನಿಂದ ಇಳಿಯುತ್ತಿದ್ದಂತೆ ತಪ್ಪೊಪ್ಪಿಗೆಯ ದೊಡ್ಡ ಭಾಷಣವನ್ನೇ ಶುರು ಮಾಡಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅಕ್ಕ ಇಳಿದಳು. ತಲೆಯ ತುಂಬ ಹೊಂಗೆಯ ಒಣ ಎಲೆ.

"ಯಾರೂ ಸತ್ತಿಲ್ಲ" ಅಂದಳು. "ಕೆರೆ ಹತ್ರ ಹೋಗಿದ್ವಿ."

ಭಾವನಿಗೆ ಸಿಟ್ಟು ಬರಬೇಕೋ ಸಮಾಧಾನವಾಗಬೇಕೋ ತಿಳಿಯಲಿಲ್ಲ. "ಊರೆಲ್ಲ ಗಾಬರಿ ಬಿದ್ದು ಸಾಯ್ತಿದೀವಿ ಇಲ್ಲಿ. ಅಷ್ಟು ದೂರ ಹೋಗಿ ನೋಡೋ ಅಂಥದ್ದು ಏನಿತ್ತು ಆ ಕೆರೇಲಿ?" ಅಂದರು.

ಅಕ್ಕ ಯೋಚಿಸಿದಳು. ಪಾಪ, ಅವಳು ಕೆರೆಯನ್ನು ಸರಿಯಾಗಿ ನೋಡಿಯೂ ಇರಲಿಲ್ಲ.

"ಯಾರೂ ಎಬ್ಬಿಸ್ಲಿಲ್ಲ" ಅಂದಳು.