ಐದನೆಯವಳ ಅಜ್ಜಿ

2023ರಲ್ಲಿ ನಾನು ಕೊಲ್ಹಾಪುರದ ಒಂದು ಖಾಸಗಿ ಕೇಂದ್ರದಲ್ಲಿ ಜಪಾನಿ ಭಾಷೆಯ ಬೋಧಕಿಯಾಗಿದ್ದೆ. ಜಪಾನಿನ ವೃದ್ಧಾಶ್ರಮಗಳಲ್ಲಿ ಆರೈಕೆಯ ಕೆಲಸಕ್ಕೆ ಹೋಗಬಯಸುವವರನ್ನು ಎನ್-4, ಅಂದರೆ ದಿನಬಳಕೆಯ ಮಾತು ತಿಳಿಯುವ ಮಟ್ಟಕ್ಕೆ ತರುವುದು ನನ್ನ ಹೊಣೆ. ನಾನೇ ಆ ಭಾಷೆಯನ್ನು ಆನ್‌ಲೈನ್ ಗುಂಪು, ಉಚಿತ ನಿಘಂಟು, ವಿಡಿಯೊಗಳಿಂದ ಕಲಿತವಳು. ವಿದ್ಯಾರ್ಥಿನಿಯರನ್ನೂ ಅಂಥದೇ ಗುಂಪಿಗೆ ಸೇರಿಸಿದೆ. ನಾವು ಬರೆದದ್ದನ್ನು ಜಪಾನಿನ ಸ್ವಯಂಸೇವಕರು ತಿದ್ದುತ್ತಿದ್ದರು. ಅಲ್ಲಿನ ಗಡಿಯಾರ ಮೂರೂವರೆ ತಾಸು ಮುಂದೆ. ನಮ್ಮವರು ದುಡಿದು ಬಂದು ಕೂರುವಷ್ಟರಲ್ಲಿ ಅವರು ಮಲಗಿರುತ್ತಿದ್ದರು. ಒಂದು ಸಾಲಿನ ತಿದ್ದುಪಡಿಗೆ ಒಂದು ದಿನ ಕಾಯಬೇಕು.

ಗಡಹಿಂಗ್ಲಜದ ಆಸ್ಪತ್ರೆಯೊಂದರಲ್ಲಿ ಆಯಾ ಆಗಿದ್ದ ಮಾಯವ್ವ ಕುರಿ ಸಾಕುವ ಮನೆಯವಳು. ಸಂದರ್ಶನದಲ್ಲಿ ಕೇಳುವ ‘ಈ ಕೆಲಸ ಏಕೆ ಬೇಕು?’ ಎಂಬ ಪ್ರಶ್ನೆಗೆ ಅವಳು ತನ್ನದೇ ಸಂಗತಿ ಬರೆದಳು: ಅಜ್ಜಿ ಕುರಿದೊಡ್ಡಿಯಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು, ಎರಡು ವರ್ಷ ತಾನೇ ಎತ್ತಿ ಕೂರಿಸಿದ್ದು. ಸ್ವಯಂಸೇವಕರು ನಾಲ್ಕು ಸಲ ತಿದ್ದಿ ಮೆಚ್ಚಿದರು. ನಾನು ಅದನ್ನು ಮಾದರಿ ಉತ್ತರವೆಂದು ಎಲ್ಲರಿಗೂ ಕಾಣುವಂತೆ ಗುಂಪಿನ ಮೇಲ್ಭಾಗಕ್ಕೆ ಹಾಕಿದೆ.

“ನಂದು ಎಲ್ಲಾರಿಗೂ ಯಾಕ ತೋರ್ಸಾಕತ್ತೀರಿ ಮೇಡಂ?”

“ಚಲೋ ಬರದೀಯವ್ವಾ. ಉಳಿದವರೂ ಕಲೀಲಿ.”

ನಮ್ಮ ಶಾಲೆಗಳ ರೂಢಿಯೇ ಅದು. ಜಾಣೆಯ ಉತ್ತರ ಹಲಗೆಯ ಮೇಲೇರುತ್ತದೆ, ಉಳಿದವರು ಇಳಿಸಿಕೊಳ್ಳುತ್ತಾರೆ. ಅದನ್ನು ಯಾರೂ ಕಳವು ಎನ್ನುವುದಿಲ್ಲ.

ಜಪಾನಿನ ವೃದ್ಧಾಶ್ರಮವೊಂದರ ಸಂದರ್ಶನ ವಿಡಿಯೊ ಕರೆಯಲ್ಲಿ ನಡೆಯಿತು. ಐವರು ಅಭ್ಯರ್ಥಿಗಳು, ಎರಡು ಹುದ್ದೆ. ಒಬ್ಬೊಬ್ಬರೇ ಒಳಗೆ ಬರಬೇಕು. ಸಂಪರ್ಕ ನೋಡಿಕೊಳ್ಳುತ್ತಿದ್ದ ನಾನು ಕೋಣೆ ಬಿಡುವಂತಿರಲಿಲ್ಲ, ನಡುವೆ ಮಾತಾಡುವಂತೆಯೂ ಇರಲಿಲ್ಲ. ಮೊದಲನೆಯವಳ ಅಜ್ಜಿ ಕುರಿದೊಡ್ಡಿಯಲ್ಲಿ ಜಾರಿದಳು. ಎರಡನೆಯವಳು ಸುನೀತಾ, ಇಚಲಕರಂಜಿಯ ಮಗ್ಗದ ಮನೆಯವಳು; ಅವಳ ಅಜ್ಜಿಯೂ ಕುರಿದೊಡ್ಡಿಯಲ್ಲೇ ಜಾರಿದಳು. ಮೂರನೆಯವಳದೂ ಅದೇ, ನಾಲ್ಕನೆಯವಳದೂ ಅದೇ. ಬಾಗಿಲ ಹೊರಗೆ ಮಾಯವ್ವ ಅದನ್ನೇ ಬಾಯಿಪಾಠ ಮಾಡುತ್ತಿದ್ದುದು ನನಗೆ ಕೇಳುತ್ತಿತ್ತು.

ಐದನೆಯವಳಾಗಿ ಒಳಗೆ ಬಂದು ಅವಳು ಎರಡು ವಾಕ್ಯ ಹೇಳುವಷ್ಟರಲ್ಲಿ ಸಂದರ್ಶಕಿ ಕೈ ಎತ್ತಿ ತಡೆದರು. ನಾನು ನಿಯಮ ಮುರಿದು ಜಪಾನಿಯಲ್ಲಿ ಹೇಳಿದೆ: “ಈ ಕಥೆ ಇವಳದೇ. ಗುಂಪಿನಲ್ಲಿ ಹಾಕಿದವಳು ನಾನು.” ಸಂದರ್ಶಕಿ ತಲೆಬಾಗಿ, “ಹಾಗಾದರೆ ಅಜ್ಜಿಯ ಬಗ್ಗೆ ಬೇರೆ ಏನಾದರೂ ಹೇಳಲಿ” ಎಂದರು.

ನ್ಯಾಯವಾದ ಪ್ರಶ್ನೆ. ಮಾಯವ್ವ ಬಾಯಿ ತೆರೆದಳು. ನಾಲ್ಕು ಸಲ ತಿದ್ದಿದ ವಾಕ್ಯಗಳೇ ಮತ್ತೆ ಬಂದವು. ಅವುಗಳ ಆಚೆಗೆ ತನ್ನ ಅಜ್ಜಿಯನ್ನು ಹೇಳಲು ಅವಳಲ್ಲಿ ಜಪಾನಿ ಮಾತಿರಲಿಲ್ಲ, ನಾನು ಕಲಿಸಿರಲಿಲ್ಲ.

ಮೊದಲಿನ ಇಬ್ಬರು ಆಯ್ಕೆಯಾದರು. ಸುನೀತಾ ಪೇಢೆ ತಂದು, “ತಗೊಳವ್ವಾ, ನಿಮ್ಮಜ್ಜಿ ಪುಣ್ಯಾ” ಎಂದಳು. ಮಾಯವ್ವ ಪೇಢೆ ತೆಗೆದುಕೊಂಡಳು. “ಬಿದ್ದಾಕಿ ನಮ್ಮಜ್ಜಿ, ಎದ್ದಾಕಿ ನಿಮ್ಮಜ್ಜಿ ನೋಡು.” ಮರುದಿನದಿಂದ ಅವಳು ತರಗತಿಗೆ ಬರಲಿಲ್ಲ. ಫೋನ್ ಮಾಡಿದರೆ ಹೇಳಿದಳು: “ಸಾಕ್ರಿ ಮೇಡಂ. ಇನ್ನೊಂದು ಅಜ್ಜಿ ಎಲ್ಲಿಂದ ತರ್ಲಿ?”

ಆ ಮಾದರಿಯನ್ನು ಅಂದೇ ಅಳಿಸಿದೆ. ಈಗ ಯಾರ ಉತ್ತರವನ್ನೂ ಇನ್ನೊಬ್ಬರಿಗೆ ತೋರಿಸುವುದಿಲ್ಲ. ಒಂದು ಸಂಗತಿ ಬರೆದರೆ, ಬರೆಯದೆ ಬಿಟ್ಟದ್ದರ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತೇನೆ. ಕಲಿಸುವವರು ಮೊದಲು ಕೇಳಲು ಕಲಿಯಬೇಕೆಂದು ಈ ವೃತ್ತಿ ನನಗೆ ತಡವಾಗಿ ಹೇಳಿಕೊಟ್ಟಿತು.

ಕಳೆದ ತಿಂಗಳು ಚಂದಗಡದಿಂದ ಬಂದ ಹೊಸ ವಿದ್ಯಾರ್ಥಿನಿ ಮೊದಲ ದಿನವೇ ಜಪಾನಿಯಲ್ಲಿ ತಡವರಿಸದೆ ಶುರುಮಾಡಿದಳು: ಅಜ್ಜಿ, ಕುರಿದೊಡ್ಡಿ, ಸೊಂಟ. ಯಾವುದೋ ಗುಂಪಿನಲ್ಲಿ ಸಿಕ್ಕಿತಂತೆ.

“ಈಗ ಹೆಂಗದಾರ ನಿಮ್ಮಜ್ಜಿ?” ಎಂದೆ.

“ನಾ ಹುಟ್ಟೂಕಿಂತ ಮೊದ್ಲಽ ತೀರ್ಕೊಂಡಾರ್ರೀ ಮೇಡಂ.”